ಒಂಬತ್ತು ಗಂಟೆಯ ಸದ್ದು

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಮನೆಯಲ್ಲಿ ಎಲ್ಲೋ ಕೀಂ ಕೀಂ ಎನ್ನುತ್ತಿತ್ತು. ಕಿವಿ ಮಂದವಾದ ಗಂಡನಿಗೆ ಅದು ಕೇಳುತ್ತಿರಲಿಲ್ಲ. ತಲೆ ಚಿಟ್ಟು ಹಿಡಿದ ಹೆಂಡತಿ ಮೆಕ್ಯಾನಿಕ್‌ನನ್ನು ಕರೆಸಿದಳು.

"ಬ್ಯಾಟರಿ ಮುಗೀತಾ ಬಂದ್ರೆ ಹೀಗೇ ಕೂಗುತ್ತಮ್ಮ. ಮನೇಲಿ ಬ್ಯಾಟರಿ ಇರೋದು ಏನೇನಿದೆ?"

"ಗಡಿಯಾರ, ರಿಮೋಟು, ಇನ್ವರ್ಟರು. ಇವ್ರು ಹಾಕ್ಕೊಳ್ಳದೇ ಇರೋ ಕಿವಿ ಮೆಷಿನ್ನು."

"ಸರಿಯಾಗಿ ಜ್ಞಾಪಿಸ್ಕೊಳ್ಳಿ."

"ಅಷ್ಟೇ ಕಣಪ್ಪ! ಇನ್ನೇನಿರುತ್ತೆ ಈ ಮನೇಲಿ?"

ಅವನು ಎಲ್ಲದಕ್ಕೂ ಹೊಸ ಬ್ಯಾಟರಿ ಹಾಕಿ ಹೋದ. ಸದ್ದು ನಿಲ್ಲಲಿಲ್ಲ. ಅವಳಿಗೂ ಅಭ್ಯಾಸವಾಗಿಹೋಯಿತು.

ಮೂರು ತಿಂಗಳ ನಂತರ, ಒಂದು ಬೆಳಿಗ್ಗೆ, ನಡುಮನೆಯಲ್ಲಿ ಗಂಡನ ಹೆಣ ಮಲಗಿಸಿದ್ದರು. ಅತ್ತು ಸಾಕಾಗಿ ಎಲ್ಲರೂ ಸುಮ್ಮನಾಗಿದ್ದರು. ಗಡಿಯಾರ ಒಂಬತ್ತು ಹೊಡೆಯಿತು. ಹಾರದ ಕೆಳಗಿಂದ, ಆರು ವರ್ಷದ ಹಿಂದೆ ಹೃದಯ ನಿಲ್ಲದಿರಲೆಂದು ಡಾಕ್ಟರು ಎದೆಯೊಳಗೆ ಕೂರಿಸಿದ್ದ ಯಂತ್ರ ಕೀಂ ಕೀಂ ಎಂದಿತು.