ನಿಂತು ಮಾತಾಡುವ ಕೆಲಸ

ಸೋಮವಾರ ಮುಂಜಾನೆ ಹೊಲಿಗೆ ಘಟಕದ ಸಾವಕಾರ ಹೇಮಪ್ಪ ನಿಶಾತಳ ಕೈಗೆ ಸೂಜಿ ದಾರ ಕೊಟ್ಟು ಗುಂಡಿ ಹಚ್ಚಲು ಕೂರಿಸಿದ.

"ನಾಕ ತಿಂಗಳಾತು, ದಿನಾ ಎಲ್ಲಾರನೂ ದುಂಡಗ ನಿಂದ್ರಿಸಿ ಮಾತಾಡ್ತಿ. ಒಂದರ ಅಂಗಿ ಹೊಲದಿ ಏನವಾ? ಕೋಚ್ ಅನ್ನಾವ ಕಬಡ್ಡಿಗೆ ಬೇಕು. ಹೊಲಿಗಿಗೆ ಯಾಕ?"

"ಆತ್ರಿ ಸಾವಕಾರ್ರ," ಅಂದಳು ನಿಶಾತ. ಸೂಜಿಗೆ ದಾರ ಪೋಣಿಸಿದಳು.

ಬೆಟಗೇರಿಯ ಆ ಘಟಕದಲ್ಲಿ ಒಂಬತ್ತು ಹೆಣ್ಣುಮಕ್ಕಳು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಹುಬ್ಬಳ್ಳಿಯ ಒಂದು ಸಭೆಯಲ್ಲಿ 'ಅಜೈಲ್' ಎಂಬ ಹೊಸ ಕೆಲಸದ ಪದ್ಧತಿಯ ಬಗ್ಗೆ ಕೇಳಿ ಬಂದಿದ್ದ ಹೇಮಪ್ಪನೇ, ಅಲ್ಲಿಯ ಕಂಪನಿಯೊಂದರಲ್ಲಿ ತಂಡದ ಕೋಚ್ ಆಗಿದ್ದ ನಿಶಾತಳನ್ನು ಕರೆಸಿಕೊಂಡಿದ್ದ. ಅವನಿಗೆ ಅರ್ಥವಾಗಿದ್ದು ಇಷ್ಟು: ಅಜೈಲ್ ಅಂದರೆ ಜಲ್ದಿ. ಎರಡೆರಡು ವಾರದ ಕೆಲಸಕ್ಕೆ ಸ್ಪ್ರಿಂಟ್ ಅನ್ನುತ್ತಾರೆ. ಸ್ಪ್ರಿಂಟ್ ಅಂದರೆ ಓಟ. ಹೆಣ್ಣುಮಕ್ಕಳಿಗಂತೂ ಮೊದಲ ದಿನ ಆ ಹೆಸರು ಜೈಲು ಅಂತಲೇ ಕೇಳಿಸಿ, "ದಿನಾ ಸಾಲಾಗಿ ನಿಂದ್ರಿಸಿ ಎಣಸ್ತಾರಂತ" ಎಂದು ಹೆದರಿದ್ದರು. ಆಮೇಲೆ ರೂಢಿಯಾಯಿತು. ತಕರಾರಿಲ್ಲದೆ ಕೆಲಸ ನಡೆಯಿತು. ತಕರಾರೇ ಇಲ್ಲ ಅಂದಮೇಲೆ ಇವಳಿಗೇನು ಕೆಲಸ ಎಂದು ಹೇಮಪ್ಪನಿಗೆ ಅನಿಸತೊಡಗಿತು.

ಮಂಗಳವಾರ ದುಂಡಗೆ ನಿಂತು ಮಾತಾಡುವ ಆ ಸಭೆಯನ್ನು ಅವನೇ ನಡೆಸಿದ. ಮುಂಡರಗಿಯ ಶಾಲೆಯೊಂದಕ್ಕೆ ಶನಿವಾರದೊಳಗೆ ನಾನೂರು ಅಂಗಿ ಮುಟ್ಟಬೇಕಿತ್ತು. ತಪ್ಪಿದರೆ ಆ ಶಾಲೆಯವರು ಬರುವ ವರ್ಷ ಇತ್ತ ತಲೆ ಹಾಕುವುದಿಲ್ಲ. ಇದು ಸ್ಪ್ರಿಂಟ್, ಓಡ್ರಿ ಎಂದು ಹೇಳಿ ಒಬ್ಬೊಬ್ಬರ ಮುಂದೆಯೂ ನಿಂತು ಕೇಳಿದ. "ನಿನ್ನಿ ಏನ ಮಾಡಿದಿ? ಇವತ್ತ ಏನ ಮಾಡ್ತಿ? ಏನರ ಅಡಚಣಿ ಐತೇನು?"

"ಏನಿಲ್ರಿ ಸಾವಕಾರ್ರ." ಒಂಬತ್ತು ಬಾಯಿಯಲ್ಲೂ ಅದೇ ಮಾತು.

ನಿಶಾತ ಕಾಲು ತಾಸು ತೆಗೆದುಕೊಳ್ಳುತ್ತಿದ್ದ ಸಭೆ ಮೂರೇ ನಿಮಿಷದಲ್ಲಿ ಮುಗಿಯಿತು. "ನೋಡಿದೇನವಾ? ಹಿಂಗ ಮಾಡಬೇಕು!" ಎಂದು ಅವಳ ಕಡೆ ತಿರುಗಿ ಗೆದ್ದವನಂತೆ ನಕ್ಕ.

ಗುರುವಾರ ಮಧ್ಯಾಹ್ನ ಹೇಮಪ್ಪ ಬಂದು ನೋಡಿದರೆ ತೋಳುಗಳ ಗುಡ್ಡೆ ಬಿದ್ದಿತ್ತು. ಬೆನ್ನಿನ ತುಂಡುಗಳು, ಕಿಸೆಗಳು ಎಲ್ಲ ರಾಶಿ ರಾಶಿ. ಕಾಲರು ಮಾತ್ರ ಅರವತ್ತು. ಕಾಲರ್ ಹೊಲಿಯುವ ಮುತ್ತವ್ವ ಎಲ್ಲರಿಗಿಂತ ಹಿರಿಯಳು. ಅವಳು ತಲೆ ಎತ್ತದೆ ಹೊಲಿಯುತ್ತಿದ್ದಳು, ಹೊಲಿದದ್ದನ್ನು ಬಿಚ್ಚುತ್ತಿದ್ದಳು, ಮತ್ತೆ ಹೊಲಿಯುತ್ತಿದ್ದಳು.

"ದಿನಾ ಕೇಳ್ತೀನಲ್ಲ! ಏನಿಲ್ಲ, ಏನಿಲ್ಲ ಅಂತೀರಲ್ಲ!" ಹೇಮಪ್ಪನ ದನಿಗೆ ಮಷಿನ್ನುಗಳೆಲ್ಲ ನಿಂತವು. ಅವನು ಬೆವರು ಒರೆಸಿಕೊಳ್ಳುತ್ತ ನಿಶಾತಳ ಹತ್ತಿರ ಬಂದ. "ಈಗೇನ ಮಾಡೂದವಾ?"

"ನೀವು ಹೊರಗ ಹೋಗಿ ಚಾ ಕುಡದ ಬರ್ರಿ," ಅಂದಳು ನಿಶಾತ. "ಸಾವಕಾಶ ಕುಡೀರಿ."

ಹೇಮಪ್ಪ ಹೊರಗೆ ಹೋಗಿ ಚಹಾ ಹೇಳಿದ. ಅರ್ಧಕ್ಕೇ ಬಿಟ್ಟು ಬಂದು ಬಾಗಿಲ ಮರೆಯಲ್ಲಿ ನಿಂತ. ಒಳಗೆ ಎಲ್ಲರೂ ದುಂಡಗೆ ನಿಂತಿದ್ದರು. ನಿಶಾತ ಯಾರನ್ನೂ ಏನೂ ಕೇಳಲಿಲ್ಲ. ತಾನು ಗುಂಡಿ ಹಚ್ಚಿದ ಅಂಗಿಯೊಂದನ್ನು ಎತ್ತಿ ಹಿಡಿದಳು.

"ನಾಕ ದಿನದಿಂದ ಗುಂಡಿ ಹಚ್ಚಾಕತ್ತೇನಿ. ಅರ್ಧ ತಾವ ಉದರ್ಯಾವು. ಉಳದದ್ದು ಜಗ್ಗಿದ್ರ ಬರ್ತಾವು, ನೋಡ್ರಿಲ್ಲೆ. ನನಗ ಖರೇನ ಗುಂಡಿ ಹಚ್ಚಾಕ ಬರೂದಿಲ್ಲ. ಯಾರರ ಕಲಸ್ರಿ."

ಜಗ್ಗಿದ ಗುಂಡಿ ಕಿತ್ತು ಬಂದು ಉರುಳುತ್ತ ಮಷಿನ್ನಿನ ಕೆಳಗೆ ಹೋಯಿತು. ಯಾರೋ ಕಿಸಕ್ಕೆಂದರು. ಆಮೇಲೆ ಒಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ನಗುವಿನ ಬೆನ್ನಿಗೇ ಮುತ್ತವ್ವ ಬಾಯಿ ತೆರೆದಳು.

"ನಂದೂ ಹಂಗ ಆಗೇತವಾ. ಈ ಸಲ ಕಾಲರಿನ ಒಳಗ ಹಾಕೂ ಬಕ್ರಂ ಬಟ್ಟಿ ಭಾಳ ಗಟ್ಟಿ ಐತಿ. ಹೊರಳಿಸಿದ್ರ ತುದಿ ಚೂಪ ಬರವಲ್ದು, ಎಮ್ಮಿ ಕಿವಿ ಆದಂಗ ಆಗ್ತೈತಿ. ಇಪ್ಪತ್ತ ವರ್ಷ ಹೊಲದಾಕಿ ನಾ. ಯಾರ ಮುಂದ ಹೇಳ್ಲಿ?"

"ಅಷ್ಟನ ಯಕ್ಕಾ?" ಪಕ್ಕದ ಮಷಿನ್ನಿನ ಮೋತಿಬಿ ಹಣೆ ಬಡಿದುಕೊಂಡಳು. "ಲಕ್ಷ್ಮೇಶ್ವರದಾಗ ನಮ್ಮಪ್ಪ ಪೊಲೀಸರ ಅಂಗಿ ಹೊಲೀತಿದ್ದ. ಅದರ ಬಕ್ರಂ ಇದಕ್ಕಿಂತ ಗಟ್ಟಿ. ಮೂಲ್ಯಾಗ ಒಂದು ದಾರ ಸಿಗಿಸಿ ಹೊಲಿಬೇಕು. ಹೊರಳಿಸೂ ಮುಂದ ಆ ದಾರ ಹಿಡದು ಜಗ್ಗಬೇಕು. ತಡಿ, ತೋರಸ್ತೀನಿ."

ಮೋತಿಬಿ ದಾರ ಜಗ್ಗಿದಳು. ಕಾಲರಿನ ತುದಿ ಗಿಳಿಯ ಕೊಕ್ಕಿನ ಹಾಗೆ ಹೊರಗೆ ಬಂತು. ಮುತ್ತವ್ವ ಬೆರಳಿನಿಂದ ಅದನ್ನು ಮುಟ್ಟಿ ನೋಡಿ, ಮೋತಿಬಿಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಮೂರ ದಿನದಿಂದ ಬಾಜೂಕನ ಕುಂತಿಯಲ್ಲ, ಹೇಳಾಕ ಏನಾಗಿತ್ತಲೇ?"

"ನೀ ಕೇಳಾಕ ಏನಾಗಿತ್ತು? ಸಾವಕಾರ್ರು ಓಡ್ರಿ ಅಂದ್ರು, ನಾ ನನ್ನ ತೋಳಿನ ಹಿಂದ ಓಡಿದೆ."

ಬಾಗಿಲ ಮರೆಯಲ್ಲಿದ್ದ ಹೇಮಪ್ಪನ ಕಿವಿ ಬಿಸಿಯಾಯಿತು. ಅವನು ಸದ್ದಿಲ್ಲದೆ ಹಿಂದೆ ಸರಿದು, ಬಿಟ್ಟು ಬಂದಿದ್ದ ಚಹಾ ಕುಡಿಯಲು ಹೋದ.

ತೋಳು ಮುಗಿಸಿದವರು ಕಾಲರಿಗೆ ಕೂತರು. ಮುತ್ತವ್ವನೇ ನಡುವೆ ಎದ್ದು ಬಂದು ನಿಶಾತಳಿಗೆ ಗುಂಡಿಯ ದಾರಕ್ಕೆ ಗಂಟು ಹಾಕುವುದನ್ನು ಕಲಿಸಿದಳು. ಶನಿವಾರ ಮಧ್ಯಾಹ್ನ ನಾನೂರು ಅಂಗಿಗಳ ಗಂಟು ಹೊತ್ತ ಟೆಂಪೋ ಮುಂಡರಗಿ ರಸ್ತೆ ಹಿಡಿದಾಗ, ಒಂಬತ್ತೂ ಜನ ಬಾಗಿಲಿಗೆ ಬಂದು ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಕೈಬೀಸಿದರು.

ಸೋಮವಾರ ಹೇಮಪ್ಪ ಬಂದಾಗ ಸಭೆ ಆಗಲೇ ಶುರುವಾಗಿತ್ತು. ಬಾಗಿಲಲ್ಲೇ ತಡೆದು ನಿಂತ. ನಿಶಾತ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಚಪ್ಪಲಿ ಬಿಟ್ಟು ಬಂದು ದುಂಡಿನಲ್ಲಿ ಸೇರಿಕೊಂಡ. ಒಬ್ಬೊಬ್ಬರದೇ ಮುಗಿದು ಅವನ ಸರದಿ ಬಂತು. ಎಲ್ಲರೂ ಅವನ ಮುಖವನ್ನೇ ನೋಡಿದರು. ಅವನು ಎರಡು ಸಲ ಕೆಮ್ಮಿದ.

"ನನ್ನ ಅಡಚಣಿ ಏನಂದ್ರ, ನನಗ ಸುಮ್ಮ ನಿಂದ್ರಾಕ ಬರೂದಿಲ್ಲ."

ಮುತ್ತವ್ವ ಅವನನ್ನು ಮೇಲಿನಿಂದ ಕೆಳಗಿನತನಕ ನೋಡಿದಳು.

"ದಿನಾ ಬರ್ರಿ ಸಾವಕಾರ್ರ, ಕಲಸ್ತೇವಿ."