ಹನ್ನೊಂದನೇ ಸಾಲು

ಗೈಡ್ ಒಬ್ಬನ ಹಿಂದೆ ಹತ್ತಾರು ಜನರ ಗುಂಪಿನಲ್ಲಿ ಹಕ್ಕಿ ನೋಡಲು ಕೆರೆ ಏರಿಗೆ ಬಂದಾಗ ಬೈನಾಕ್ಯುಲರ್ ಗಂಡನ ಕೊರಳಲ್ಲಿತ್ತು, ಪೆನ್ನು ಅವಳ ಕೈಯಲ್ಲಿ.

"ನಾನು ನೋಡಿ ಹೇಳ್ತೀನಿ, ನೀನು ಬರ್ಕೊ."

ಅವನು ಹೇಳಿದ ಹಕ್ಕಿಗಳನ್ನೆಲ್ಲ ಬರೆದಾದ ಮೇಲೆ, ಹನ್ನೊಂದನೇ ಸಾಲಿನಲ್ಲಿ ಅವಳು 'ಇವರು ನನ್ನನ್ನು ಮನೆಯಲ್ಲಿ ಕೂಡಿಹಾಕಿ ಹೊಡೆಯುತ್ತಾರೆ, ಪೊಲೀಸರಿಗೆ ತಿಳಿಸಿ' ಎಂದು ಸೇರಿಸಿ ಹಾಳೆಯನ್ನು ಗೈಡ್ ಕೈಗೆ ಕೊಟ್ಟಳು. ಕೊನೆಯಲ್ಲಿ ಎಲ್ಲರ ಪಟ್ಟಿಯನ್ನೂ ಗಟ್ಟಿಯಾಗಿ ಓದುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ.

"ನಮ್ಮವಳದ್ದು ಓದಿ ಸಾರ್, ಅಕ್ಷರ ಮುತ್ತಿನ ಹಾಗಿದೆ," ಎಂದ ಗಂಡ.

"ಒಂಬತ್ತು, ನೀರುಕಾಗೆ. ಹತ್ತು, ಬೆಳ್ಳಕ್ಕಿ. ಹನ್ನೊಂದು..."

ಗೈಡ್ ತಡೆದ. ಅವನು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ.

"ಹನ್ನೊಂದು, ಮಿಂಚುಳ್ಳಿ."

ಅವಳು ಉಸಿರು ಬಿಟ್ಟಳು.

ಗಂಡ ನಗುತ್ತಲೇ ಅವಳ ಹೆಗಲ ಮೇಲೆ ಕೈಯಿಟ್ಟ. "ನಾನು ಹೇಳಿದ್ದು ಹತ್ತೇ ಅಲ್ವೇನೇ?"