ಸದ್ದಿಲ್ಲದ ದೋಣಿ

ಹಳೆಯ ಡೀಸೆಲ್ ಎಂಜಿನ್ ಕಳಚಿ ದಡದ ಮೇಲೆ ಇಟ್ಟ ಗಳಿಗೆಯಿಂದ ದೋಣಿಯವನ ಮುಖ ಊದಿಕೊಂಡಿತ್ತು. ಅದರ ಜಾಗದಲ್ಲಿ ಪರೀಕ್ಷೆಗೆಂದು ತಂದ ಬ್ಯಾಟರಿ ಮೋಟಾರು ಕೂತಿತ್ತು, ದೋಣಿಯ ಚಾವಣಿಯ ಮೇಲೆ ಸೋಲಾರ್ ಹಲಗೆಗಳು ಮಿಂಚುತ್ತಿದ್ದವು. ಇವತ್ತು ಅನುದಾನದ ಅಧಿಕಾರಿ ಜನರ ಜೊತೆ ಒಂದು ಸಲ ಹೊಳೆ ದಾಟಿ ನೋಡುತ್ತಾರೆ. ಅವರಿಗೆ ಸರಿ ಅನ್ನಿಸಬೇಕು, ದೋಣಿ ನಡೆಸುವವನೂ ಬಾಯಿಬಿಟ್ಟು ಒಪ್ಪಬೇಕು. ಎರಡೂ ಆದರೆ ಮೋಟಾರು ಇವರದು. ಇಲ್ಲವಾದರೆ ಅದು ಬಂದ ದಾರಿ ಹಿಡಿಯುತ್ತದೆ, ಹಳೆಯ ಎಂಜಿನ್ ಮತ್ತೆ ಬಂದು ಕೂರುತ್ತದೆ.

ಅರ್ಜಿ ಹಾಕಿದ್ದು ಹೆಂಡತಿ. ದಿನವಿಡೀ ದೋಣಿಯ ಮುಂದುಗಡೆ ಕೂತು ಟಿಕೆಟ್ ಹರಿಯುವವಳು ಅವಳು. ಗಾಳಿ ಹಿಂದಿನಿಂದ ಬೀಸಿತೆಂದರೆ ಎಂಜಿನ್ನಿನ ಹೊಗೆಯೆಲ್ಲ ಅವಳ ಮೂಗಿಗೇ. ಹೀಗೆ ಅಂಟಿಕೊಂಡ ಕೆಮ್ಮು ಬಿಡುವ ಮಾತೇ ಆಡುತ್ತಿರಲಿಲ್ಲ. ಹೊಗೆ ತಪ್ಪಿದರೆ ಕೆಮ್ಮೂ ತಪ್ಪುತ್ತದೆ ಎಂದು ಡಾಕ್ಟರು ಹೇಳಿದ ದಿನವೇ ಅವಳು ಅನುದಾನದ ಕಚೇರಿಯ ಮೆಟ್ಟಿಲು ಹತ್ತಿದ್ದಳು. ಗಂಡ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಸದ್ದಿಲ್ಲದ ದೋಣಿ ತನಗೆ ಒಗ್ಗುವುದಿಲ್ಲ ಎಂದು ಗೊಣಗಿದ. ಯಾಕೆಂದು ಕೇಳಿದರೆ ಬಾಯಿಗೆ ಬೀಗ.

ಅವನ ಗೊಣಗಾಟ ಅವಳಿಗೇನೂ ಹೊಸದಲ್ಲ. ದೋಣಿ ಹೊರಟಾಗ ಯಾವತ್ತು ಹಿಂತಿರುಗಿ ನೋಡಿದರೂ ಚುಕ್ಕಾಣಿ ಹಿಡಿದ ಗಂಡನ ಬಾಯಿ ಆಡುತ್ತಲೇ ಇರುತ್ತಿತ್ತು. ಎಂಜಿನ್ ಗದ್ದಲದಲ್ಲಿ ಒಂದಕ್ಷರ ಕೇಳಿಸದಿದ್ದರೂ ಬೈಗುಳವೇ ಎಂದು ಅವಳ ಲೆಕ್ಕ. ಅವಳೇನು ಕಮ್ಮಿಯೇ? ಅದೇ ಗದ್ದಲದ ಮರೆಯಲ್ಲಿ ತಾನೂ ನಾಲ್ಕು ಮಾತು ತಿರುಗಿಸಿ ಅಂದು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಳು. ಹಾಗೇ ಸಂಸಾರ ಸಾಗಿತ್ತು.

ಅಧಿಕಾರಿ ದೊಡ್ಡ ಚೀಲ ಹೊತ್ತು ದೋಣಿ ಹತ್ತಿದರು. ನಗುವೇ ಇಲ್ಲದ ಹೆಂಗಸು. ಮೇಷ್ಟ್ರು, ದರ್ಜಿಯ ಅಕ್ಕ, ಇನ್ನೂ ಹತ್ತಾರು ಮಂದಿ ಕೂತರು. ದೋಣಿ ಹೊರಟಿದ್ದೇ ಯಾರಿಗೂ ಗೊತ್ತಾಗಲಿಲ್ಲ, ನೀರು ಸೀಳುವ ಸದ್ದೊಂದೇ. ಹೆಂಡತಿ ಎದೆ ತುಂಬ ಉಸಿರು ಎಳೆದುಕೊಂಡಳು. ಕೆಮ್ಮು ಬರಲಿಲ್ಲ. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ನಡುಹೊಳೆಯ ಸೆಳವು ದಾಟಿ ದೋಣಿ ಹದಕ್ಕೆ ಬಂದದ್ದೇ ತಡ, ಹಿಂದಿನಿಂದ ಗಟ್ಟಿ ಗಂಟಲೊಂದು ಎದ್ದಿತು.

“ಚೀಲ ತುಂಬ ಕಾಗದ ತಂದ್ಲು, ನಗು ಮಾತ್ರ ಮನೇಲೇ ಬಿಟ್ಟು ಬಂದ್ಲು…”

ಗಂಡ ಹಾಡುತ್ತಿದ್ದ. ಕಣ್ಣು ಎದುರಿನ ದಡದ ಮೇಲೆ, ಎಂಜಿನ್ ಇಲ್ಲವೆಂಬುದೇ ಮರೆತುಹೋಗಿತ್ತು. ದರ್ಜಿಯ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಧಿಕಾರಿಯ ಪೆನ್ನು ನಿಂತಿತು. ಮೋಟಾರು ಕೈತಪ್ಪಿತು ಎಂದುಕೊಂಡಳು ಹೆಂಡತಿ. ಕೈ ಬೀಸಿ ಸುಮ್ಮನಿರಿ ಎನ್ನುವಷ್ಟರಲ್ಲಿ ಅವನು ಮುಂದಿನ ಸಾಲಿಗೆ ಹೋಗಿಯಾಗಿತ್ತು.

“ಮುಂದೆ ಕೂತೋಳ ಜಡೆಯೇ ನನಗೆ ದಿಕ್ಕು, ಅವಳು ತಿರುಗಿ ನೋಡಿದ್ರೆ ಈ ಹೊಳೆಗೂ ಸೊಕ್ಕು…”

ಎತ್ತಿದ ಕೈ ಹಾಗೇ ನಿಂತಿತು. ಇಷ್ಟು ವರ್ಷ ಆ ಬಾಯಿ ಆಡುತ್ತಿದ್ದದ್ದು ಇದನ್ನೇ? ತಾನು ತಿರುಗಿಸಿ ಅಂದ ಮಾತುಗಳೆಲ್ಲ ಒಟ್ಟಿಗೇ ನೆನಪಾಗಿ ಅವಳಿಗೆ ನಾಚಿಕೆಯೂ ನಗುವೂ ಒತ್ತರಿಸಿ ಬಂದವು. ಅಷ್ಟರಲ್ಲಿ ಮೇಷ್ಟ್ರು ಭಲೇ ಎಂದು ಚಪ್ಪಾಳೆ ತಟ್ಟಿದರು. ಗಂಡ ಬೆಚ್ಚಿಬಿದ್ದು ಎಲ್ಲರ ಮುಖ ನೋಡಿದ, ಕಿವಿಯವರೆಗೂ ಕೆಂಪಾದ.

ಅಧಿಕಾರಿ ಮಾತ್ರ ಕಾಗದದಿಂದ ತಲೆ ಎತ್ತಲಿಲ್ಲ. ಆದರೆ ಭುಜಗಳು ಕುಲುಕುತ್ತಿದ್ದವು. ದಡ ಹತ್ತಿರವಾದಾಗ ಕಣ್ಣೊರೆಸಿಕೊಂಡು, ದೋಣಿಯ ವಿಷಯದಲ್ಲಿ ತಮ್ಮದೇನೂ ತಕರಾರಿಲ್ಲ, ಇನ್ನು ನಡೆಸುವವರ ಮಾತೊಂದೇ ಬಾಕಿ ಎಂದರು.

“ಎಂಜಿನ್ನೇ ಇರ್ಲಿ ಮೇಡಂ,” ಅವನು ಕಾಲಬುಡ ನೋಡುತ್ತಾ ಅಂದ. “ಸದ್ದಿದ್ರೆ ಒಂದು ಮರೆ ಇರುತ್ತೆ.”

ಹೆಂಡತಿ ಎದ್ದಳು. ಕೂತವರ ಮೊಣಕಾಲುಗಳನ್ನು ಸರಿಸಿಕೊಂಡು ದೋಣಿಯ ಉದ್ದಕ್ಕೂ ನಡೆದು ಹೋಗಿ ಚುಕ್ಕಾಣಿಯ ಪಕ್ಕದಲ್ಲೇ ಕೂತಳು.

“ಇಷ್ಟು ವರ್ಷ ಆ ಎಂಜಿನ್ ಒಂದೇ ಕೂತು ಕೇಳಿದೆ ರೀ. ಇನ್ಮೇಲೆ ನಾನು ಕೇಳ್ಬೇಕು. ಮೇಡಂಗೆ ಹೂಂ ಅನ್ನಿ.”

ಅವನು ಹೂಂ ಎಂದ. ತೀರಾ ಮೆಲ್ಲಗೆ ಎಂದ. ಆದರೂ ದೋಣಿಯ ಆ ತುದಿಯವರೆಗೂ ಕೇಳಿಸಿತು.